ಬಂಡೆ ತಟ್ಟಿ ಕೇಳುವುದು

ಮಾರಿಕುಪ್ಪಂನ ಮೊದಲ ರೈಲು ಹತ್ತಿದೆವು ಇಬ್ಬರು,
ಎರಡು ಪಾಸ್‌ಪೋರ್ಟು, ಒಂದೇ ಪ್ಲಾಸ್ಟಿಕ್ ಕವರು.
ಘಾನಾದ ಚಿನ್ನದ ಗಣಿಯಿಂದ ಬಂದ ಕಾಗದದಲ್ಲಿ
ಮೇಲೆ ಅಕ್ಕನ ಮಗ ಇನ್ಬರಾಜನ ಹೆಸರು,
ಕೆಳಗೆ ನನ್ನದು:
ಆಸರೆ ಮರ ನಿಲ್ಲಿಸುವುದನ್ನು ಕಲಿಸಲು, ಆರು ತಿಂಗಳು.
ಕೊನೆಗೊಂದು ದಪ್ಪಕ್ಷರದ ಸಾಲು,
ಹಳದಿ ಜ್ವರದ ಲಸಿಕೆಯಿಲ್ಲದೆ ವಿಮಾನ ಇಳಿಯುವಂತಿಲ್ಲ.

ಬೆಂಗಳೂರಿನ ಬೆಂಚಿನ ಮೇಲೆ ಕಾದೆವು.
ಒಂದು ಸೀಸೆ ತೆರೆದರೆ ಹತ್ತು ತೋಳು ಬೇಕಂತೆ,
ಕಲಸಿದ ಮೇಲೆ ಅದರ ಆಯಸ್ಸು ಗಂಟೆಗಳ ಲೆಕ್ಕ.
ಎಂಟು ಜನ ಇದ್ದೆವು. ಇನ್ನಿಬ್ಬರಿಗಾಗಿ
ಹನ್ನೊಂದರವರೆಗೆ ಬಾಗಿಲು ನೋಡಿದೆವು.

ಡಾಕ್ಟರಮ್ಮ ಪ್ರಶ್ನೆ ಕೇಳುವ ರೀತಿ ನನಗೆ ಹಿಡಿಸಿತು.
ಮೊಟ್ಟೆ ತಿಂದರೆ ಗಂಟಲು ಊದುತ್ತದಾ?
ಎದೆಯ ಆಪರೇಷನ್ ಏನಾದರೂ? ವಯಸ್ಸು? ಯಾವ ಮಾತ್ರೆ?
ಚಾಂಪಿಯನ್ ರೀಫಿನಲ್ಲಿ ಪಾಳಿ ಶುರುವಾಗುವ ಮುಂಚೆ
ನಾವೂ ಹೀಗೇ ಸಲಾಕೆ ಎತ್ತಿ
ತಲೆ ಮೇಲಿನ ಬಂಡೆ ತಟ್ಟುತ್ತಿದ್ದೆವು.
ಗಟ್ಟಿಯಿದ್ದರೆ ಗಂಟೆಯ ದನಿ,
ಸಡಿಲವಿದ್ದರೆ ನೆನೆದ ತಮಟೆ.
ಆ ದನಿ ಕೇಳಿಯೂ ಕೆಳಗೆ ನಿಂತವರನ್ನು
ಎರಡು ಸಲ ಹೆಗಲ ಮೇಲೆ ಹೊತ್ತಿದ್ದೇನೆ.

ಇನ್ಬರಾಜ ಗಂಟೆ.
ನಾನು ತಮಟೆ: ಅರವತ್ತನಾಲ್ಕು ತುಂಬಿದೆ,
ಎದೆಯೊಳಗೆ ಗಣಿಯ ಕಲ್ಲುಹಿಟ್ಟು,
ಅದಕ್ಕೆ ದಿನಕ್ಕೆರಡು ಸ್ಟೀರಾಯ್ಡ್ ಗುಳಿಗೆ.
"ಇದರಲ್ಲಿರುವುದು ಜೀವಂತ ವೈರಾಣು, ತಾತ.
ಹಲ್ಲು ಕಿತ್ತ ಹಾವು, ಆದರೂ ಹಾವೇ.
ಅವನ ಮೈ ಇದನ್ನು ಆಡಿಸಿ ಪಾಠ ಕಲಿಯುತ್ತದೆ.
ನಿಮ್ಮ ಮೈಯ ಕಾವಲುಗಾರನನ್ನು
ಆ ಗುಳಿಗೆ ಮಲಗಿಸಿಬಿಟ್ಟಿದೆ."

ವಾದ ಮಾಡಿದೆ. ಸುಳ್ಳೂ ಹೇಳಿದೆ,
ಗುಳಿಗೆ ಬಿಟ್ಟು ವರ್ಷವಾಯಿತು ಎಂದು.
ಮೊನ್ನೆಯ ತಾರೀಕಿದ್ದ ಔಷಧಿ ಚೀಟಿಯನ್ನು
ಆಕೆ ಮಡಿಸಿ ನನ್ನ ಜೇಬಿಗೇ ಹಾಕಿದಳು.

ಲೈನ್ ಮನೆಗೆ ಬಂದ ಐದನೇ ದಿನ ಹುಡುಗನಿಗೆ ಮೈ ಬಿಸಿ.
ಅಕ್ಕ ಅಂಜಲೈ ನೆಲನೆಲ್ಲಿ ಕಿತ್ತು ತಂದಳು,
ಅರೆಯುತ್ತ ನನ್ನನ್ನೇ ಅರೆದಳು:
ಕಾಮಾಲೆ ಬಾರದಿರಲಿ ಅಂತ ಹೋಗಿ
ಕಾಮಾಲೆಯನ್ನೇ ಚುಚ್ಚಿಸಿಕೊಂಡು ಬಂದಿರಾ?
ದಿನಕ್ಕೆ ಮೂರು ಸಲ ಅವನ ಕಣ್ಣು ಬಿಡಿಸಿ ನೋಡಿದೆ.
ಬಿಳಿ. ಮತ್ತೆ ಬಿಳಿ.
ಒಂದು ಸಂಜೆ ಹಳದಿ ಕಂಡು ಎದೆ ಧಸಕ್ಕೆಂದಿತು;
ಸೈನೈಡ್ ದಿಬ್ಬಕ್ಕೆ ಬಿದ್ದ ಬಿಸಿಲು
ಕಿಟಕಿಯಿಂದ ಒಳಗೆ ಬಂದಿತ್ತು, ಅಷ್ಟೆ.

ಲಕ್ಷಕ್ಕೊಬ್ಬರಿಗೆ ಕೆಡುಕಾಗುವುದುಂಟು ಎಂದು
ಡಾಕ್ಟರಮ್ಮ ಮುಚ್ಚಿಡದೆ ಹೇಳಿದ್ದಳು.
ಲಕ್ಷ ಎಂಬುದು ದೊಡ್ಡ ಗಣಿ, ಕತ್ತಲು.
ಜ್ವರ ಏರಿದ ರಾತ್ರಿ ಮಾತ್ರ
ಆ ಒಬ್ಬ ಯಾವಾಗಲೂ ನಮ್ಮ ಮನೆಯವನೇ.

ಎರಡು ದಿನಕ್ಕೆ ಇಳಿಯಿತು. ತೋಳಿನ ನೋವೂ ಹೋಯಿತು.
ಅಕ್ಕ ಗೆದ್ದದ್ದು ನೆಲನೆಲ್ಲಿ ಅಂದಳು, ನಾನು ಸುಮ್ಮನಿದ್ದೆ.
ಹತ್ತನೇ ದಿನಕ್ಕೆ ಹಳದಿ ಕಾರ್ಡಿಗೆ ಜೀವ ಬಂತು.
ಒಂದೇ ಚುಚ್ಚು, ಬದುಕಿರುವವರೆಗೂ ಸಾಕಂತೆ,
ನೂರಕ್ಕೆ ತೊಂಬತ್ತೊಂಬತ್ತು ಮೈಗಳಲ್ಲಿ ಹಿಡಿಯುತ್ತದಂತೆ.
ಅವೆಲ್ಲ ಓದಿದವರ ಲೆಕ್ಕ.
ನನ್ನ ತೋಳನ್ನು ಬೇಡವೆಂದು ಕೆಳಗಿಳಿಸಿದ ಕೈಯೇ
ಅವನ ತೋಳು ಹಿಡಿದಿತ್ತಲ್ಲ,
ನಾನು ನಂಬಿದ್ದು ಅದನ್ನು.
ಸಿಕ್ಕವರಿಗೆಲ್ಲ ಚುಚ್ಚುವ ಸೂಜಿಯಾಗಿದ್ದರೆ
ಅವನನ್ನು ಬೆಂಚಿನಿಂದಲೇ ಎಬ್ಬಿಸಿಕೊಂಡು ಬರುತ್ತಿದ್ದೆ.

ವಾರಕ್ಕೊಮ್ಮೆ ನೀರು ಬರುವ ನಮ್ಮ ಬೀದಿಯಲ್ಲಿ
ಮನೆ ಮನೆಗೂ ಡ್ರಮ್ಮು, ಡ್ರಮ್ಮಿಗೊಂದು ಸೊಳ್ಳೆಸಂಸಾರ,
ಕಾಲಿಗೆ ಬಿಳಿ ಪಟ್ಟಿ. ಆ ಜ್ವರವನ್ನು ಹೊರುವುದೂ ಇದೇ ಜಾತಿಯಂತೆ.
ಹೊರೆ ಇನ್ನೂ ಇಲ್ಲಿಗೆ ಬಂದಿಲ್ಲ.
ಅವನು ತಿರುಗಿ ಬಂದಾಗ ಅವನ ಜೊತೆ ಅದೂ ಇಳಿಯದು.
ಆ ತೋಳಿನಲ್ಲಿ ನನಗೂ ಒಂದು ಪಾಲಿದೆ ಅಂದುಕೊಂಡು
ಮುಚ್ಚಳ ಬಿಗಿ ಮಾಡುತ್ತೇನೆ.

ರಾತ್ರಿ ಘಾನಾದಿಂದ ಫೋನಿಗೆ ಬರೀ ಸದ್ದು ಬರುತ್ತದೆ,
ಅಲ್ಲಿನ ಸುರಂಗದಲ್ಲಿ ಅವನು ಹಿಡಿದು ತಂದದ್ದು:
ಸಲಾಕೆ, ಬಂಡೆ, ಸಲಾಕೆ, ಬಂಡೆ.
ಮಾಮ, ಇದು ಹೇಗೆ?
ಫೋನನ್ನು ಒಳ್ಳೆಯ ಕಿವಿಗೆ ಬದಲಿಸುತ್ತೇನೆ.
ಎಡಗಡೆಯದು ತಮಟೆ. ಮರ ಕೊಡದೆ ಅದರಡಿ ಹೋಗಬೇಡ.